ಹುರುಳಿ ತುಳಿದ ಕಾರು

ಪೂರಿಗಾಲಿಯ ಮಲ್ಲಿಗಮ್ಮನಿಗೆ ಅಂದು ಬೆಳಗಿನಿಂದಲೇ ಸಿಟ್ಟು. ಹತ್ತೂವರೆಗೆ ಮದ್ದೂರಿನ ಛತ್ರದಲ್ಲಿ ನಾದಿನಿ ಸೋಮಮ್ಮನ ಮಗಳು ಗಗನಳ ಮುಹೂರ್ತ. ಹುಡುಗಿಯ ಕೈಹಿಡಿದು ಹಸೆಮಣೆಗೆ ಕರೆತರಬೇಕಾದ ಸೋದರಮಾವ ತನ್ನ ಗಂಡ ಕರಿಯಪ್ಪ. ಆ ಮನುಷ್ಯ ಎಂಟು ಹೊಡೆಯುವವರೆಗೂ ರಸ್ತೆಗೆ ಹಾಸಿದ್ದ ಹುರುಳಿಯ ಮೇಲೆ ಕಾರು ಓಡಿಸುತ್ತಿದ್ದ. ಹೋಗಿಬರುವ ಬಸ್ಸು, ಲಾರಿ ತುಳಿದು ಕಾಳು ಉದುರಿಸಿದ್ದು ಅವನಿಗೆ ಸಾಲದು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ.

ಮಳವಳ್ಳಿ ದಾಟಿ ಭಾರತೀನಗರ ಹತ್ತಿರವಾಗುವಾಗ ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹೊತ್ತಿತು.

“ಇಂಜಿನ್ನು ಕಾದದೆ ಅಂತ ಕಣ ಅದು. ನಿಲ್ಸು.”

“ಲೈಟು ಇರಾದೇ ಉರ್ಯಕ್ಕೆ. ಸುಮ್ನೆ ಕೂತ್ಕಳೆ.”

“ಮೆಕ್ಯಾನಿಕ್ಕು ಖಾಸಿಂ ಬಡ್ಕಂಡಿರ್ಲಿಲ್ವಾ, ಕೆಂಪು ಕಂಡ್ರೆ ಓಡಿಸ್ಬ್ಯಾಡಿ ಅಂತ?”

“ಜೋರಾಗಿ ಹೋದ್ರೆ ಗಾಳಿ ಬಡ್ದು ತಣ್ಗಾಯ್ತದೆ ಬುಡು.”

ಕರಿಯಪ್ಪ ಇನ್ನಷ್ಟು ಒತ್ತಿದ. ಎಸಿಯನ್ನೂ ಜೋರು ಮಾಡಿದ, ಅದರ ತಂಪು ಇಂಜಿನ್ನಿಗೆ ಹೋಗುತ್ತದೆ ಎನ್ನುವವನ ಹಾಗೆ. ಮೈಲಿ ಕಳೆಯುವುದರೊಳಗೆ ಬಾನೆಟ್ಟಿನ ಸಂದಿಯಲ್ಲಿ ಹಬೆ ಎದ್ದಿತು. ಆಗ ನಿಲ್ಲಿಸಿದ. ನಿಲ್ಲಿಸಿದರೂ ಇಂಜಿನ್ ಆರಿಸಲಿಲ್ಲ. ಮಲ್ಲಿಗಮ್ಮನೇ ಕೈಚಾಚಿ ಕೀ ತಿರುಗಿಸಿ ಕಿತ್ತುಕೊಂಡಳು.

ನೀರಿನ ಬಾಟಲಿ ಹಿಡಿದು ಮುಂದಕ್ಕೆ ಓಡಿದವನ ಎದುರಿಗೆ ಅಡ್ಡ ನಿಂತಳು. ಮೂವತ್ತು ವರ್ಷದ ಹಿಂದೆ ಇವನ ಚಿಕ್ಕಪ್ಪ ದೊಡ್ಡಸಿದ್ದಯ್ಯ ಟ್ರ್ಯಾಕ್ಟರಿನ ಕಾದ ರೇಡಿಯೇಟರಿನ ಮುಚ್ಚಳ ತಿರುಗಿಸಿ ಮುಖವೆಲ್ಲ ಬೇಯಿಸಿಕೊಂಡಿದ್ದ. ವಾರಗಟ್ಟಲೆ ಬಾಳೆಲೆಯ ಮೇಲೆ ಮಲಗಿಸಿ ನೋಡಿಕೊಂಡವಳು ಅವಳೇ.

“ಆ ಮುಚ್ಚಳ ಮುಟ್ಟು, ನಿನ್ ಕೈ ಮುರೀತೀನಿ.”

ಫೋನು ಮಾಡಿದ ಕಾಲು ಗಂಟೆಗೆ ಭಾರತೀನಗರದ ಮೆಕ್ಯಾನಿಕ್ ಖಾಸಿಂ ಬೈಕಿನಲ್ಲಿ ಬಂದ. ಹಬೆ ಅಡಗಿದ ಮೇಲೆ ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಂದಕ್ಕೆ ಬೆರಳು ಹಾಕಿ ಹಿಡಿ ತುಂಬ ಹುರುಳಿ ಹೊಟ್ಟು ಕಿತ್ತ.

“ಏನ್ ಗೌಡ್ರೇ, ಕಾರ್ಗೂ ಮೇವು ಹಾಕ್ತೀರಾ? ಗಾಳಿ ಎಲ್ಲಿಂದ ನುಗ್ಬೇಕು? ದೀಪ ಕಂಡೇಟ್ಗೆ ಎಸಿ ಆರ್ಸಿ ಪಕ್ಕಕ್ಕೆ ನಿಲ್ಸಿದ್ರೆ ಇಷ್ಟಾಗ್ತಿರ್ಲಿಲ್ಲ. ಇನ್ನು ಮುಕ್ಕಾಲು ಗಂಟೆ ಕಾಯ್ಲೇಬೇಕು. ತಣ್ಗಾಗ್ದೆ ನೀರು ಹಾಕಂಗಿಲ್ಲ.”

ಅಷ್ಟರಲ್ಲಿ ಮದ್ದೂರಿನ ಬಸ್ಸು ಬಂತು. ಮಲ್ಲಿಗಮ್ಮ ಕೈ ಅಡ್ಡ ಹಿಡಿದಳು.

“ಕಾರು ಖಾಸಿಂ ನೋಡ್ಕತ್ತಾನೆ. ಹತ್ತು.”

“ಮದ್ವೆಗೆ ಸೋದರಮಾವ ಬಸ್ಸಲ್ಲಿ ಇಳ್ಯಾದಾ? ನಾಕು ಜನ ಏನಂದಾರು?”

ಅವಳು ಕೀಯನ್ನು ಖಾಸಿಂನ ಕೈಗೆ ತುರುಕಿ ಬಸ್ಸು ಹತ್ತಿದಳು. ತಿರುಗಿ ನೋಡಲಿಲ್ಲ.

ಛತ್ರದ ಬಾಗಿಲಲ್ಲೇ ಸೋಮಮ್ಮ ಓಡಿಬಂದಳು. “ಅಣ್ಣ ಎಲ್ಲಿ ಅತ್ಗೆ? ಹಸೆಮಣೆ ತಾವಿಂದ ಅಯ್ನೋರು ಕೂಗ್ತಾವ್ರೆ.”

“ನಿಮ್ಮಣ್ಣ ರಸ್ತೇಲಿ ಹೊಟ್ಟು ಕೀಳ್ತಾವ್ನೆ. ಹುಡ್ಗೀನ ನಾನ್ ಕರ್ಕಬತ್ತೀನಿ ನಡಿ.”

“ಹೆಂಗಸ್ರು ಕರ್ಕಬರಾದು ಎಲ್ಲಾರ ಉಂಟಾ?” ಎಂದರು ಗಂಡಿನ ಕಡೆಯ ಹಿರಿಯರೊಬ್ಬರು.

“ಹಂಗಾರೆ ಓಗಿ, ಆ ಗಂಡಸ್ನ ನೀವೇ ಹೊತ್ಕಬನ್ನಿ.”

ಅವರು ದಾರಿ ಬಿಟ್ಟರು. ಮಲ್ಲಿಗಮ್ಮ ಹುಡುಗಿಯ ಕೈ ಹಿಡಿದು ಜನರ ನಡುವೆ ಬಿರಬಿರನೆ ನಡೆದಳು.

“ಅತ್ತೆ, ಕೈ ನೋಯ್ತದೆ,” ಎಂದಳು ಗಗನ, ಮೆಲ್ಲಗೆ.

ಹಸೆಮಣೆ ಮುಟ್ಟುವವರೆಗೂ ಮಲ್ಲಿಗಮ್ಮ ಹಿಡಿತ ಸಡಿಲಿಸಲಿಲ್ಲ.