ಪ್ಲೇಯರಿನ ಹೊಸ ಕೈ

"ಈ ಕೈ ಕತೆ ಮುಗೀತು ಕಣವ್ವ," ಎನ್ನುತ್ತ ರಿಪೇರಿಯ ಮುರುಗೇಶಪ್ಪ ರೆಕಾರ್ಡ್ ಪ್ಲೇಯರಿನಿಂದ ಬಿಚ್ಚಿದ ಹಳೆಯ ಕೈಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಪ್ಲೇಟಿನ ಮೇಲೆ ಮುಳ್ಳು ಹಾರದಿರಲೆಂದು ಅದರ ತುದಿಗೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದಿದ್ದ ತಾಮ್ರದ ಕಾಸು ಹಾಗೇ ಇತ್ತು. "ಈ ಕಾಸಿನ ಭಾರಕ್ಕೆ ಹಾಡಿನ ಪ್ಲೇಟೆಲ್ಲ ಉತ್ತ ಹೊಲ ಆಗ್ಯಾವೆ. ಒಳಗಿನ ವೈರೂ ಲಡ್ಡಾಗೈತೆ, ಗುಂಯ್ ಅನ್ನೋದು ಅದ್ಕೇ. ಹೊಸ ಕೈ, ಹೊಸ ವೈರು ಎರಡೂ ತಂದೀನಿ. ಹಾಕ್ಲೋ, ಹಂಗೇ ವಾಪಸ್ ದುರ್ಗದ ಬಸ್ ಹತ್ಲೋ?"

ಶಿವಗಂಗಮ್ಮ ಅಪ್ಪನ ಕಡೆ ನೋಡಿದಳು. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಬೀದಿಯಲ್ಲಿದ್ದ ತನ್ನ ಮೈಕ್ ಸೆಟ್ ಅಂಗಡಿಯ ಬೆಂಚಿನ ಮೇಲೆ ಏಕಾಂತಪ್ಪ ಹಳೇ ಬನಿಯನ್ನಿನ ತುಂಡಿನಿಂದ ಪ್ಲೇಟು ಒರೆಸುತ್ತ ಕೂತಿದ್ದ. ಅವಳು ಭುಜ ಮುಟ್ಟಿದ ಮೇಲೇ ತಲೆ ಎತ್ತಿದ.

"ಹೊಸ ಕೈ ಹಾಕ್ಲಾ ಅಂತ ಕೇಳ್ತಿದಾರಪ್ಪ."

"ನನ್ನೇನು ಕೇಳ್ತೀರಿ? ಬಿ.ಎ. ಮಾಡಿರೋಳು ನೀನು. ನೀನು ಹೇಳಿದಂಗೆ."

ಈಚೆಗೆ ಎಲ್ಲದಕ್ಕೂ ಇದೇ ಮಾತು. ಒಳಕೋಣೆಯಿಂದ ಅವಳು ಏನಾದರೂ ಕೇಳಿದರೆ ಉತ್ತರವೇ ಬರುತ್ತಿರಲಿಲ್ಲ. ಬಂದ ಗಂಡುಗಳೆಲ್ಲ ಅವಳ ಮೌನ ನೋಡಿಯೇ ಹಿಂದಿರುಗಿದ ಸಿಟ್ಟು ಅಪ್ಪನಿಗಿದೆ ಎಂದುಕೊಂಡು ಅವಳು ಮತ್ತಷ್ಟು ಮುದುಡಿದ್ದಳು.

ಸೋಮವಾರ ಶ್ರೀರಾಂಪುರದ ಮದುವೆಯೊಂದಕ್ಕೆ ಸೆಟ್ ಒಪ್ಪಿಕೊಂಡಿದ್ದರು. ಹೋದ ಸಲ ಅಲ್ಲಿ ಬೀಗರಲ್ಲೊಬ್ಬರು, "ಹಾಡಿನ ಹಿಂದೆ ಹೆಜ್ಜೇನು ಯಾಕ್ರಿ ಸಾಕೀರಿ?" ಎಂದು ಚಪ್ಪರವನ್ನೆಲ್ಲ ನಗಿಸಿದ್ದರು. ಇನ್ನೊಂದು ಸಲ ಹಾಗಾದರೆ ಆ ಕಡೆಯ ಮದುವೆಗಳೆಲ್ಲ ಹೊಳಲ್ಕೆರೆಯ ಸೆಟ್ಟಿನವರ ಪಾಲು. ಆದರೆ ಅಪ್ಪನಿಗೆ ಆ ಸದ್ದೇ ಶಾಸ್ತ್ರ. ಸ್ವಿಚ್ ಒತ್ತಿ, ಗುಂಯ್ ಅನ್ನುವವರೆಗೆ ಕಾದು, ಆಮೇಲೆ ಮುಳ್ಳು ಇಡಬೇಕು. "ಗುಂಯ್ ಅಂದ್ರೆ ಸೆಟ್ಟಿಗೆ ಜೀವ ಬಂತು ಅಂತ ಅರ್ಥ," ಎಂದು ಅವಳು ಲಂಗ ಉಡುತ್ತಿದ್ದಾಗಲೇ ಹೇಳಿಕೊಟ್ಟಿದ್ದ.

"ಒಂದ್ಸಲ ಹಾಕಿ ತೋರಿಸ್ರಿ," ಎಂದಳು.

ಮುರುಗೇಶಪ್ಪ ಕೂದಲೆಳೆಯಂಥ ವೈರುಗಳನ್ನು ಬೆಸೆದು, ತೆಳ್ಳನೆಯ ಹೊಸ ಕೈ ಕೂರಿಸಿ ಸ್ವಿಚ್ ಒತ್ತಿದ. ಸದ್ದೇ ಇಲ್ಲ. ಮುಳ್ಳು ಇಟ್ಟ. ಹೆಣ್ಣೊಪ್ಪಿಸುವ ಹಾಡು ತೊಳೆದಿಟ್ಟಂತೆ ಹೊರಬಂತು. ಚಿಕ್ಕಂದಿನಿಂದ ಕೇಳಿದ ಹಾಡು ಅದು. ಪ್ರತಿ ಸಾಲಿಗೂ ಮುಂಚೆ ಹಾಡುವವಳು ಹೀಗೆ ಉಸಿರೆಳೆದುಕೊಳ್ಳುತ್ತಾಳೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎದುರಂಗಡಿಯ ದರ್ಜಿ ಗೋವಿಂದಯ್ಯ ಹಾಡಿನ ಲಯಕ್ಕೇ ಮಿಷನ್ ತುಳಿಯತೊಡಗಿದ. ಅವಳು ನಗುತ್ತ ಅಪ್ಪನತ್ತ ತಿರುಗಿದಳು.

ಏಕಾಂತಪ್ಪ ಆಂಪ್ಲಿಫೈಯರಿನ ಕಡೆ ಕತ್ತು ವಾಲಿಸಿ ಕಾಯುತ್ತಿದ್ದ.

"ಸೆಟ್ಟಿಗೆ ಇನ್ನೂ ಜೀವಾನೇ ಬಂದಿಲ್ಲ," ಎಂದ. "ಆಗ್ಲೇ ಮುಳ್ಳು ಯಾಕೋ ಇಟ್ಟೆ ಮುರುಗೇಶಿ?"

ಮುರುಗೇಶಪ್ಪ ತೊಡೆ ತಟ್ಟಿ ನಕ್ಕ. "ನಿಮ್ಮ ಕುಚೋದ್ಯ ಬಿಡ್ರಿ ಯಜಮಾನ್ರೇ." ಅವನು ನಕ್ಕದ್ದನ್ನು ಕಂಡು, ತುಸು ತಡವಾಗಿ, ಏಕಾಂತಪ್ಪನೂ ನಕ್ಕ.

ಶಿವಗಂಗಮ್ಮನ ನಗು ಅಲ್ಲೇ ನಿಂತುಹೋಯಿತು. ಅಪ್ಪ ಸಿಟ್ಟಾಗಿರಲಿಲ್ಲ. ಅವನಿಗೆ ಕೇಳಿಸುತ್ತಿರಲಿಲ್ಲ. ಹಾಡು ಎಂದೋ ಅವನ ಕಿವಿ ಬಿಟ್ಟು ಹೋಗಿತ್ತು. ಉಳಿದದ್ದು ಆ ಗುಂಯ್ ಒಂದೇ. ಅದನ್ನು ಹಿಡಿದುಕೊಂಡೇ ಇಷ್ಟು ದಿನ ಸೆಟ್ ನಡೆಸಿದ್ದಾನೆ. ಹಳೇ ಕೈ ಇರಲಿ ಎಂದರೆ ಮದುವೆಗಳು ಹೋಗುತ್ತವೆ. ಹೊಸದು ಹಾಕಿಸಿದರೆ, ಸೋಮವಾರ ಆ ಚಪ್ಪರದಲ್ಲಿ, ಅಷ್ಟು ಜನರ ಮುಂದೆ, ಅಪ್ಪ ಬಾರದ ಸದ್ದಿಗೆ ಕಾಯುತ್ತ ಕೂರುತ್ತಾನೆ. ಎರಡನ್ನೂ ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದಳು. ಯಾವುದೂ ಸರಿ ಕಾಣಲಿಲ್ಲ.

"ಬಸ್ಸಿನ ಹೊತ್ತಾತು. ಏನಂತೀಯವ್ವ?"

"ಈ ಹೊಸದೇ ಇರ್ಲಿ," ಎಂದಳು. ಆಮೇಲೆ, ತಾನೇ ಅಂದುಕೊಂಡಿರದ ಮಾತು ಬಾಯಿಗೆ ಬಂತು. "ಶ್ರೀರಾಂಪುರಕ್ಕೆ ನಾನೂ ಬರ್ತೀನಪ್ಪ."

ನೆಂಟರ ಮದುವೆಯಲ್ಲೂ ಅಡುಗೆಮನೆಯ ಗೋಡೆಗೆ ಒರಗಿ ಕೂರುವ ಹುಡುಗಿ ಅವಳು. ಮಾತು ಎಂದಿನಂತೆ ಮೆಲ್ಲಗೆ ಬಂದು ಸೆರಗಿನಾಚೆ ದಾಟಲಿಲ್ಲ. ಏಕಾಂತಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ.

"ಏನಂದೆ?"

ಅವಳು ದನಿ ಎತ್ತಿದಳು.

"ಶ್ರೀರಾಂಪುರಕ್ಕೆ ನಾನೂ ಬರ್ತೀನಿ. ಸೆಟ್ ಹತ್ರ ನಿನ್ ಜೊತೆ ಕೂರ್ತೀನಿ. ಮುಳ್ಳು ಯಾವಾಗ ಇಡಬೇಕು ಅಂತ ನಾನು ಹೇಳ್ತೀನಿ."

ಎದುರಂಗಡಿಯ ಮಿಷನ್ ನಿಂತಿತು. ಮುರುಗೇಶಪ್ಪ ಸ್ಕ್ರೂಡ್ರೈವರ್ ಹಿಡಿದವನು ಹಾಗೇ ತಂದೆಯನ್ನೂ ಮಗಳನ್ನೂ ನೋಡಿದ. "ಮದುವೆ ಆಗದಿರೋ ಹುಡುಗಿ, ಅಷ್ಟು ಜನದಾಗೆ ಮೈಕ್ ಸೆಟ್ ಮುಂದೆ ಕುಂತ್ರೆ..." ಎಂದು ಶುರುಮಾಡಿ, ಅರ್ಧಕ್ಕೇ ಬಿಟ್ಟು, ಸಾಮಾನು ಚೀಲಕ್ಕೆ ತುಂಬತೊಡಗಿದ.

ಅವಳ ಕಿವಿ ಬಿಸಿಯಾಗಿತ್ತು. ಅಪ್ಪನನ್ನು ಉಳಿಸಿದೆನೋ, ಬೀದಿಗೆಲ್ಲ ಕೇಳುವಂತೆ ಅವನ ಮಾನ ಕಳೆದೆನೋ ತಿಳಿಯಲಿಲ್ಲ. ಅವನ ಮುಖ ನೋಡಲು ಧೈರ್ಯವಾಗದೆ, ತಿರುಗುತ್ತಿದ್ದ ಪ್ಲೇಟನ್ನೇ ನೋಡುತ್ತ ನಿಂತಳು.

ಏಕಾಂತಪ್ಪ ಬೆಂಚಿನ ಮೇಲೆ ತನ್ನ ಪಕ್ಕ ಪೇರಿಸಿದ್ದ ಪ್ಲೇಟುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಒರೆಸುವ ಬಟ್ಟೆಯಿಂದ ಆ ಜಾಗದ ಧೂಳು ಕೊಡವಿ, ಒಂದು ತುದಿಗೆ ಸರಿದು ಕೂತ.