ಬಚ್ಚಲೊಲೆಯ ಊರುಗೋಲು

ಲಾಳಿಯಲ್ಲಿ ನೂಲು ಮುಗಿದಿದೆ, ಮುಗಿದು ಎಷ್ಟು ಹೊತ್ತಾಯಿತೋ, ಮಗ್ಗ ಮಾತ್ರ ಬರಿದೇ ಬಡಿಯುತ್ತಿದೆ — ರಾಯಪ್ಪ ಕೈ ಚಾಚಿ ನಿಲ್ಲಿಸಿದ, ಪಕ್ಕದ ಮಗ್ಗದ ಜೋತಿಬಾ ನಕ್ಕ, ಏನೋ ಪ್ರವಾದಿ, ನಿದ್ದಿ ಹತ್ತೇತೇನು, ಇಚಲಕರಂಜಿಯ ಈ ಕಾರಖಾನೆಯಲ್ಲಿ ಎಲ್ಲರೂ ಕರೆಯುವುದು ಹಾಗೇ, ಭಾನುವಾರ ಗಡಹಿಂಗ್ಲಜಕ್ಕೆ ಹೋಗಿ ಬೈಬಲ್ ಓದಿ ಅರ್ಥ ಹೇಳುತ್ತಾನೆಂದು, ಹೋದ ವಾರದವರೆಗೆ ಆ ಹೆಸರು ಹಿತವಾಗಿತ್ತು, ಈಗ ಬೆನ್ನು ಸುಡುತ್ತದೆ, ಕುಂಟರು ಜಿಂಕೆಯ ಹಾಗೆ ಜಿಗಿದಾರೆಂದು ಅಲ್ಲಿಯ ಸಭೆಯಲ್ಲಿ ಓದಿದವನು ಅವನೇ, ಅದಕ್ಕೆ ತಿಂಗಳ ಮುಂಚೆ ಕೊಲ್ಹಾಪುರದ ಪಾದ್ರಿಗಳನ್ನು ಕೇಳಿದ್ದನಲ್ಲ, ಇದು ಖರೇನ ಕಾಲಿನ ಮಾತೋ, ಬರೇ ಹೋಲಿಕಿಯೋ ರೀ, ಅವರು ಚಹಾದ ಬಶಿ ಕೆಳಗಿಟ್ಟು, ಮನಸ್ಸು ಕುಂಟಾದವರ ಮಾತದು ರಾಯಪ್ಪ, ಕಾಲಂತ ಹೇಳಿ ಬಡವರಿಗೆ ಆಸೆ ಹಚ್ಚಬ್ಯಾಡ — ಗೊತ್ತಿತ್ತು, ಗೊತ್ತಿದ್ದೂ ಕಾಲೆಂದೇ ಹೇಳಿದ, ಕಾಲೆಂದಾಗ ಮುಂದೆ ಕೂತಿದ್ದ ತಂಗೆವ್ವ ಸೆರಗು ಬಾಯಿಗಿಟ್ಟುಕೊಂಡು ದೇವರನ್ನು ನೋಡುವ ಹಾಗೆ ಅವನನ್ನು ನೋಡಿದ್ದಳು, ಮಗ್ಗುಲಲ್ಲಿ ಒಂಬತ್ತು ವರ್ಷದ ಮಗಳು ಶಾಲನ, ಕಂಕುಳಲ್ಲಿ ಊರುಗೋಲು, ಅದರ ತಲೆಗೆ ಸುತ್ತಿದ ಹಸಿರು ಅಂಚಿನ ಚಿಂದಿ ಇವನೇ ಮಗ್ಗದಿಂದ ತಂದುಕೊಟ್ಟದ್ದು.

ಹರಕೆ ಹೊತ್ತೇ ಬೆಳೆದವಳು ತಂಗೆವ್ವ, ದೇವರು ಬದಲಾದರೂ ರೂಢಿ ಬದಲಾಗಲಿಲ್ಲ, ಮೊದಲು ಒಪ್ಪಿಸಬೇಕು, ಆಮೇಲೆ ಬೇಡಬೇಕು, ಮುಂದಿನ ಭಾನುವಾರ ಬಸ್ಸಿಳಿದವನನ್ನು ಮನೆಗೇ ಕರೆದೊಯ್ದಳು, ಬಚ್ಚಲೊಲೆಗೆ ಆ ಊರುಗೋಲನ್ನೇ ತುರುಕಿ ನೀರು ಕಾಸಿ ಮಗಳಿಗೆ ಎರೆದಿದ್ದಳು, ದೇವ್ರು ಮಾತು ಕೊಟ್ಟಾನಲ್ರೀ ಅಣ್ಣಾ, ಇನ್ನ ಕೋಲ ಇಟಗೊಂಡ್ರ ಅವನ ಮಾತು ಸುಳ್ಳ ಅಂದಂಗ ಆಗ್ತೇತಿ, ಒಲೆಯ ಬಾಯಲ್ಲಿ ಕೋಲಿನ ತಲೆ ಇನ್ನೂ ಹೊರಗಿದೆ, ಹಸಿರು ಚಿಂದಿ, ಹುಡುಗಿ ಗೋಡೆ ಬಿಟ್ಟು ಒಂದು ಹೆಜ್ಜೆ — ಒಂದೇ — ಬಚ್ಚಲ ಕಲ್ಲಿಗೆ ಬಾಯಿ ಬಡಿದು ರಕ್ತ, ಆಗಲಾದರೂ ತಪ್ಪು ನಂದವ್ವಾ ಎನ್ನಬಹುದಿತ್ತು, ಅನ್ನಲಿಲ್ಲ, ಅದು ಹೋಲಿಕಿ ತಂಗೆವ್ವಾ, ನೀ ತಪ್ಪ ತಿಳಕೊಂಡಿ, ತಿಂಗಳು ಬಚ್ಚಿಟ್ಟಿದ್ದ ಅರ್ಥ ಆಗ ತಟ್ಟನೆ ನಾಲಗೆಗೆ ಬಂತು, ತನ್ನನ್ನು ಉಳಿಸಿಕೊಳ್ಳಲು ಬಂತು, ಅವಳು ಬೈಯಲಿಲ್ಲ, ಹೌದ್ರಿ, ನಮಗೇನ ತಿಳೀತೇತಿ ಎಂದು ತಲೆ ತಗ್ಗಿಸಿದಳು, ಶಾಲನಳೇ ರಕ್ತ ಉಗುಳಿ ಮುಖ ಎತ್ತಿ, ಕಾಕಾ, ನಾ ಬಿದ್ದದ್ದೂ ಹೋಲಿಕೀನ?

ಮಗ್ಗ ಹಚ್ಚೋ, ಶೇಠ ಬರ್ತಾನ, ಜೋತಿಬಾನ ದನಿ, ನಾಳೆ ಮತ್ತೆ ಭಾನುವಾರ, ಎಲ್ಲರೆದುರು ನಿಂತು ನನಗ ಗೊತ್ತಿತ್ತು ಎನ್ನಬೇಕು, ಇಲ್ಲ ಜ್ವರವೆಂದು ಚೀಟಿ ಕಳಿಸಬೇಕು, ಲಾಳಿಗೆ ಹೊಸ ನೂಲು ಹಾಕಿ ಹಿಡಿಕೆ ಎಳೆದ, ಲಾಳಿ ಓಡಿತು, ಬಟ್ಟೆಯ ಅಂಚು ಎಳೆ ಎಳೆಯಾಗಿ ಮೇಲೇಳುತ್ತದೆ, ಹಸಿರು, ಕಣ್ಣೆದುರು ಒಲೆಯ ಬಾಯಲ್ಲಿ ಸುಡದೆ ಉಳಿದ ಗೇಣುದ್ದದ ಕೋಲು, ಅದರ ತಲೆಗೆ ಹಸಿರು ಅಂಚಿನ ಚಿಂದಿ —