ಗಂಡಸಿನ ದೂರು

"ತೂ! ಗಂಡ್ಸಾ ನೀನು? ಮೀಸೆ ಇಟ್ಕೊಂಡು ಈ ಮಾತ್ ಹೇಳಕ್ಕೆ ಬಂದಿದೀಯಲ್ಲೋ, ನಾಚ್ಕೆ ಆಗಲ್ವೇನ್ಲಾ ಬೋಳಿಮಗನೆ?"

ಠಾಣೆಯ ರೈಟರು ಕುರ್ಚಿ ಬಿಟ್ಟು ಎದ್ದೇಬಿಟ್ಟಿದ್ದ. ನನ್ನ ಗಂಡ ನರಸಯ್ಯ ಗೋಡೆ ಹಿಡಿದು ನಿಂತಿದ್ದ. ಅವನಿಗೆ ಕೂರಲು ಆಗುತ್ತಿರಲಿಲ್ಲ. ಅಮೃತೂರಿನಿಂದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಿದ್ದ.

"ಬರ್ಕೊಳ್ಳಿ ಸ್ವಾಮಿ," ಅಂದೆ ನಾನು. "ತ್ವಾಟದ ಆಂಜನಪ್ಪ, ಅವನ ಜೊತೆ ಇನ್ನಿಬ್ರು. ಕೊಬ್ರಿ ಮನೆ ಬಾಗ್ಲಾಕ್ಕೊಂಡು ನನ್ ಗಂಡನ್ನ ಕೆಡಿಸವ್ರೆ."

"ಬರ್ರಯ್ಯಾ ಇಲ್ಲಿ!" ರೈಟರು ಒಳಗಿದ್ದ ಪೇದೆಗಳನ್ನು ಕೂಗಿದ. "ಇವಳ ಗಂಡನ ಶೀಲ ಹೋಯ್ತಂತೆ!"

ಬಂದರು. ಒಬ್ಬ ನನ್ನ ಗಂಡನ ಹೊಟ್ಟೆಗೆ ಲಾಠಿಯ ತುದಿ ಒತ್ತಿ, "ಎಷ್ಟು ತಿಂಗ್ಳೋ?" ಅಂದ. ಎಲ್ಲರೂ ಬಿದ್ದುಬಿದ್ದು ನಕ್ಕರು. ನಕ್ಕು ಸಾಕಾದ ಮೇಲೆ ರೈಟರು ಕಣ್ಣೊರೆಸಿಕೊಂಡು ನನಗೆ ಬುದ್ಧಿ ಹೇಳಿದ. "ಕೆಡಿಸೋದು ಅಂದ್ರೆ ಹೆಂಗಸ್ರಿಗೆ ಕಣಮ್ಮ. ನಿನಗಾಗಿದ್ರೆ ಹೇಳು. ಇವನಿಗೆ ಹೊಡ್ದ್ರು ಅಂತ ಬೇಕಾದ್ರೆ ಬರೀತೀನಿ. ಹೆಬ್ಬೆಟ್ಟು ಒತ್ತಿ ಮನೆಗೋಗಿ."

ಆಗ ನರಸಯ್ಯ ಮಾತಾಡಿದ.

"ಒಡ್ದಿದ್ರೆ ನಾನು ಬತ್ತಿರ್ಲಿಲ್ಲ ಸ್ವಾಮಿ. ಒಡೆತ ನಂಗೆ ಒಸದಲ್ಲ. ಆಗಿದ್ದುನ್ನ ಬರ್ಕೊಳ್ಳಿ."

ಬರೆದುಕೊಳ್ಳಲಿಲ್ಲ. ನನ್ನ ಗಂಡ ಹೆಬ್ಬೆಟ್ಟೂ ಕೊಡಲಿಲ್ಲ. ಕುತ್ತಿಗೆಗೆ ಕೈಹಾಕಿ ಇಬ್ಬರನ್ನೂ ಆಚೆ ನೂಕಿದರು.

ಎದುರಿಗೆ ಸಿಕ್ಕರೆ ಆಂಜನಪ್ಪನನ್ನು ನಾವು 'ಬುದ್ದಿ' ಅನ್ನಬೇಕು. ಇದನ್ನು ಹೇಳುವಾಗ ಅನ್ನುವುದಿಲ್ಲ. ಜೀತ ಹೋಯಿತು ಅಂತ ರೇಡಿಯೋದವರು ಹೇಳಿ ವರ್ಷಗಳೇ ಆಗಿದ್ದವು. ಆಂಜನಪ್ಪನ ಮನೆಯಲ್ಲಿ ರೇಡಿಯೋನೂ ಇತ್ತು, ಜೀತವೂ ಇತ್ತು. ಅವನ ಕೊಬ್ಬರಿ ಮನೆಯ ಅಟ್ಟದ ಮೇಲೆ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಒಣಗುತ್ತವೆ. ಒಳಗೇ ನೀರು ಇಂಗಿ ಕೊಬ್ಬರಿಯಾದ ಮೇಲೆ ಕೆಳಗಿಳಿಸಿ ಸುಲಿಯುವುದು ನನ್ನ ಗಂಡನ ಕೆಲಸ.

ಆವತ್ತು ಸುಲಿಯುತ್ತಿದ್ದಾಗ ಆಂಜನಪ್ಪ ಬಂದು, "ಸಂಜೆ ನಿನ್ ಹೆಂಡ್ರುನ್ನ ಅಟ್ಟ ಗುಡಿಸಕ್ಕೆ ಕಳ್ಸು," ಅಂದ. ಸಂಜೆ ಹೊತ್ತು ಅಟ್ಟ ಗುಡಿಸುವುದು ಅಂದರೆ ಏನು ಅಂತ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಹೋಗಿಬಂದ ಹೆಂಗಸರೂ ಇದ್ದರು, ಕಳಿಸಿ ತಲೆತಗ್ಗಿಸಿದ ಗಂಡಂದಿರೂ ಇದ್ದರು.

ನನ್ನ ಗಂಡ ಕಾಯಿಯಿಂದ ಕಣ್ಣೆತ್ತಲಿಲ್ಲವಂತೆ. "ಕಳ್ಸಾಕಿಲ್ಲ ಬುದ್ದಿ. ನಾನೇ ಗುಡಿಸ್ತೀನಿ."

"ನೀನೇ ಬತ್ತೀಯಾ?" ಆಂಜನಪ್ಪ ಜೊತೆಗಿದ್ದ ನೆಂಟರಿಬ್ಬರ ಮುಖ ನೋಡಿದ. "ಸರಿ. ನೀನೇ ಬಾ."

ಮಿಕ್ಕಿದ್ದನ್ನು ನನ್ನ ಗಂಡ ನನಗೆ ಒಂದೇ ಸಲ ಹೇಳಿದ್ದಾನೆ. ನಾನು ಯಾರಿಗೂ ಬಿಡಿಸಿ ಹೇಳುವುದಿಲ್ಲ. ನನಗೆ ಅಂತ ಇಟ್ಟಿದ್ದನ್ನು ಅವನು ತನ್ನ ಮೈಮೇಲೆ ಹಾಕಿಕೊಂಡ.

ಠಾಣೆಯಿಂದ ಬಂದ ಮೇಲೆ ಮಾರಮ್ಮನ ಗುಡಿ ಮುಂದೆ ಹಟ್ಟಿಯ ನ್ಯಾಯ ಸೇರಿತು. ಹೆಂಗಸಿನ ಕೈ ಹಿಡಿದರೆ ಇಷ್ಟು ತಪ್ಪುದಂಡ, ಸೆರಗು ಎಳೆದರೆ ಇಷ್ಟು ಅಂತ ಕಟ್ಟುಪಾಡು ನಮ್ಮಲ್ಲೂ ಉಂಟು. ತೋಟದವರ ಮೇಲೆ ಅದು ಒಂದು ದಿನವೂ ನಡೆದಿಲ್ಲ, ಆ ಮಾತು ಬೇರೆ. ನನಗಾಗಿದ್ದರೂ ನ್ಯಾಯ ಸಿಕ್ಕುತ್ತಿರಲಿಲ್ಲ. ಆದರೆ ಆದದ್ದಕ್ಕೆ ಒಂದು ಹೆಸರಾದರೂ ಇರುತ್ತಿತ್ತು.

"ಮೂವರು ಇಡ್ಕಂಡ್ರೆ ಏನ್ಲಾ?" ಅಂದ ಪಕ್ಕದ ಮನೆಯ ಚಿಕ್ಕಬೀರಯ್ಯ. "ಪಕ್ಕದಾಗೇ ಮಚ್ಚು ಬಿದ್ದಿರ್ತದೆ. ನಾನಾಗಿದ್ರೆ ಕತ್ತರ್ಸಿ ಆಕ್ತಿದ್ದೆ!"

ಇವನು ಆಂಜನಪ್ಪನ ನಾಯಿ ಎದುರಿಗೆ ಬಂದರೂ ಟವೆಲ್ ಕಂಕುಳಿಗಿಟ್ಟುಕೊಳ್ಳುವ ಗಂಡು.

ಹಟ್ಟಿಯ ಯಜಮಾನ, ನಾವೆಲ್ಲ ಮಾವ ಅನ್ನುವ ಕದರಯ್ಯ, ಬೀಡಿ ಕೆಳಗಿಟ್ಟ. ವಯಸ್ಸಾದವನು, ಆಂಜನಪ್ಪನ ಅಪ್ಪನ ಕಾಲದಲ್ಲಿ ಅದೇ ಮನೆಯಲ್ಲಿ ಜೀತಕ್ಕಿದ್ದವನು. "ಗಂಡ್ಸಿಗೆ ಇಂಗಾಗಕ್ಕಿಲ್ಲ ಕಣ್ಲಾ ನರಸ," ಅಂದ. "ಆಗಿದ್ರೂ ಆಗಿಲ್ಲ. ಬಾಯಿ ಮುಚ್ಕಂಡು ಕೆಲ್ಸಕ್ಕೋಗು. ಅಷ್ಟೆಯ."

ಮನೆಗೆ ಬಂದರೆ ಅತ್ತೆ ನರಸಿಂಹಮ್ಮ ನೀರು ಕಾಯಿಸಿಟ್ಟಿದ್ದಳು. ಹೆತ್ತ ಕರುಳು, ಅವಳಿಗೂ ಉರಿ ಇತ್ತು. ಆದರೆ ಅವಳಿಗೆ ಗೊತ್ತಿದ್ದುದು ಒಂದೇ. "ಅಳಬ್ಯಾಡ ಮಗ, ಗಂಡು ನೀನು. ಆಚೆ ಕೇಳುಸ್ತದೆ." ನಾನು ಬಚ್ಚಲಿನಲ್ಲಿ ಅವನ ಬೆನ್ನಿಗೆ ನೀರು ಹುಯ್ದೆ. ಮುಟ್ಟಿದರೆ ಬೆದರುತ್ತಿದ್ದ. ನಾನೇ, ಅವನ ಹೆಂಡತಿ ಮುಟ್ಟಿದರೂ.

"ಗಂಗಾ, ನಾನಿನ್ನೂ ಗಂಡ್ಸಾ?" ಅಂದ.

"ಆ ನಾಯಿಗಳು ಕೇಳಾ ಮಾತುನ್ನ ನೀನ್ಯಾಕೆ ಕೇಳೀಯೆ? ತಪ್ಪು ನಿಂದಲ್ಲ. ಅಳಂಗಿದ್ರೆ ಅಳು. ಕೇಳುಸ್ಲಿ ಬುಡು, ಊರಿಗೆ."

ಅವನು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತ. ಆ ಹಲ್ಲಿನ ಸದ್ದು ಕೇಳಿ ನನಗೇ ಅಳು ಬಂತು. ಏನು ಮಾಡಲಿ? ನೀರು ಹುಯ್ಯುವುದು ಬಿಟ್ಟರೆ ನನ್ನ ಕೈಯಲ್ಲಿ ಏನಿತ್ತು?

ಬೆಳಗ್ಗೆ ಕೆಲಸಕ್ಕೆ ಅಂತ ಹೊರಟ. ನಾನೂ ಹಿಂದೆಯೇ ಹೋದೆ. ನಮ್ಮವರು ಆ ಮನೆಗೆ ಹಿತ್ತಲಿನಿಂದ ಹೋಗಬೇಕು. ಅವನು ಮುಂಬಾಗಿಲಿಗೆ ಹೋಗಿ ಬೀದಿಯಲ್ಲಿ ನಿಂತ. ನೋವಿಗೆ ಮುಖ ಕಿವಿಚುತ್ತ ಬಗ್ಗಿದ. ಒಂದು ಹಿಡಿ ಮಣ್ಣು ತೆಗೆದುಕೊಂಡ.

ಅನ್ಯಾಯ ಮಾಡಿದವರ ಬಾಗಿಲಿಗೆ ಮಣ್ಣು ತೂರಿ ಶಾಪ ಹಾಕುವುದು ನಮ್ಮ ಕಡೆ ಹೆಂಗಸರ ಕೆಲಸ. ಬೇರೆ ದಿಕ್ಕಿಲ್ಲದವಳು ತಲೆ ಕೆದರಿಕೊಂಡು, ಬಾಯಿ ಬಡಿದುಕೊಂಡು ಮಾಡುವ ಕೆಲಸ. ಗಂಡಸು ಮಚ್ಚು ಹಿಡಿಯಬೇಕು, ಇಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಗಂಡಸು ಮಣ್ಣು ತೂರಿದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

"ನನ್ನ ಕೆಡಿಸ್ಬುಟ್ಟಲ್ಲೋ ಆಂಜನಪ್ಪಾ! ನಿನ್ನ ವಂಸ ಮಣ್ಣಾಗ! ನಿನ್ನ ಮನೆಗೆ ದೀಪ ಅಚ್ಚೋರಿಲ್ದಂಗಾಗ!"

ತೂರಿದ. ಎದೆ ಹೊಡೆದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಅತ್ತ. ಅಲ್ಲಿಯವರೆಗೆ ಹಲ್ಲಿನಲ್ಲಿ ಕಚ್ಚಿಟ್ಟಿದ್ದೆಲ್ಲ ಆಚೆ ಬಂತು. ಜನ ಸೇರಿದರು. ಮೊದಲು ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. "ಇವುಂಗೊಂದು ಸೀರೆ ಉಡುಸ್ರಲಾ!" ಅಂದ ಚಿಕ್ಕಬೀರಯ್ಯ.

ಆಂಜನಪ್ಪ ಕಾಫಿ ಲೋಟ ಹಿಡಿದು ಆಚೆ ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. ಜಗಲಿ ಮೇಲೆ ಕೂತು, ಆಟ ನೋಡುವವನ ಹಾಗೆ ಕಾಫಿ ಕುಡಿಯತೊಡಗಿದ.

"ಕೂಗ್ಲಾ, ಇನ್ನೂ ಗಟ್ಟಿಯಾಗಿ ಕೂಗು," ಅಂದ. "ಮಾರ್ಕೋನಹಳ್ಳಿ ಗಂಟ ಕೇಳುಸ್ಲಿ."

ನಾನು ತುರುಬು ಬಿಚ್ಚಿ ಗಂಡನ ಪಕ್ಕ ಹೋಗಿ ನಿಂತೆ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಕದರಯ್ಯ ಮಾವ ಓಡಿಬಂದ. ಎಳೆದುಕೊಂಡು ಹೋಗುತ್ತಾನೆ ಅಂದುಕೊಂಡೆ. ಅವನು ನಮ್ಮ ಪಕ್ಕ ಕುಕ್ಕರುಗಾಲಲ್ಲಿ ಕೂತು ನೆಲ ಕೆರೆದ. ಎದ್ದಾಗ ಬಲಗೈ ಮುಷ್ಟಿ ಕಟ್ಟಿತ್ತು.

"ಇವರಪ್ಪನೂ ನಂಗೆ ಇಂಗೇ ಮಾಡ್ದ ಕಣವ್ವ," ಅಂದ, ನನಗೆ ಮಾತ್ರ ಕೇಳುವಷ್ಟು. "ಅದೇ ಅಟ್ಟದಾಗೆ."

"ಏನ್ಲಾ ಕದ್ರ, ನಿಂತ್ಕಂಡು ಏನ್ ನೋಡ್ತೀಯಾ?" ಆಂಜನಪ್ಪ ಜಗಲಿಯಿಂದಲೇ ಗದರಿದ. "ಎಳ್ಕೊಂಡೋಗ್ಲಾ ಅವನ್ನ!"

"ಆಯ್ತು ಬುದ್ದಿ," ಅಂದ ಕದರಯ್ಯ ಮಾವ.

ಮಾತು ಬಂತು, ಕಾಲು ಏಳಲಿಲ್ಲ. "ತೂರು ಮಾವ," ಅಂದೆ. ಅವನು ಕೈ ಎತ್ತಲಿಲ್ಲ, ಮುಷ್ಟಿ ಬಿಡಲೂ ಇಲ್ಲ. ಬೆರಳ ಸಂದಿಯಿಂದ ಮಣ್ಣು ಅವನ ಪಾದದ ಮೇಲೆಯೇ ಉದುರುತ್ತಿತ್ತು.